ಬೇಸು ಕಮ್ಮಿ ಇರೋದು ಬೇಡ

ಗೌರಿಬಿದನೂರಿನ ಸರ್ವೆಯರ್ ಕೆಂಪರಾಜು ಅಳೆಯದೆ ಯಾವುದನ್ನೂ ಕೊಂಡವನಲ್ಲ. ಕುಕ್ಕರ್ ತರುವಾಗ ಅದರ ಸುತ್ತಳತೆ ಹಿಡಿದ. ಮಂಚ ತರುವಾಗ ಮೂಲೆಯಿಂದ ಮೂಲೆಗೆ ಟೇಪು ಎಳೆದ. ಒಮ್ಮೆ ರಸ್ತೆ ಬದಿಯಲ್ಲಿ ಎರಡು ಕಲ್ಲಂಗಡಿ ಹಣ್ಣಿನ ಹೊಟ್ಟೆಗೆ ಟೇಪು ಸುತ್ತಿ, ಯಾವುದು ಅರ್ಧ ಇಂಚು ದಪ್ಪ ಎಂದು ಲೆಕ್ಕ ಹಾಕುತ್ತಿರುವಾಗಲೇ ಮಾರುವವನು ಎರಡನ್ನೂ ಕಿತ್ತುಕೊಂಡು ಬೇರೆಯವರಿಗೆ ಕೊಟ್ಟುಬಿಟ್ಟಿದ್ದ. ಸೊಂಟದಲ್ಲಿ ಬೆಲ್ಟು ಇಲ್ಲದ ದಿನವುಂಟು, ಐದು ಮೀಟರಿನ ಸ್ಟೀಲ್ ಟೇಪು ಇಲ್ಲದ ದಿನವಿಲ್ಲ. ತಾಲ್ಲೂಕಿನ ಹೊಲ, ತೋಟ, ಗುಂಡುತೋಪುಗಳೆಲ್ಲ ಅವನ ಅಳತೆಗೆ ಸಿಕ್ಕಿದ್ದವು. ಸಿಗದೆ ಉಳಿದದ್ದು ಎರಡೇ. ಹೆಂಡತಿಯ ಮಾತು, ಅತ್ತೆಯ ಮೌನ.

ಹೆಂಡತಿ ಜ್ಯೋತಿಲಕ್ಷ್ಮಿ ಪಕ್ಕದ ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಒಂದು ಸಂಜೆ ಅವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಬಾಗಿಲಲ್ಲೇ ಕೂಗಿದಳು.

"ರೀ, ಜಿಲ್ಲೆಗೆಲ್ಲ ನನ್ನೊಬ್ಳನ್ನೇ ಆರ್ಸಿದ್ದಾರೆ ಕಣ್ರೀ! ಮುಂದಿನ ತಿಂಗಳು ಮೊದಲನೇ ಶನಿವಾರ ಹನ್ನೊಂದು ಗಂಟೆಗೆ ಚಿಕ್ಕಬಳ್ಳಾಪುರದಿಂದ ಲೈವ್ ಪಾಠ. ಎಲ್ಲಾ ಹೈಸ್ಕೂಲ್ ಮಕ್ಕಳೂ ಕಂಪ್ಯೂಟರ್‌ನಲ್ಲಿ ನೋಡ್ತಾರಂತೆ. ಅರ್ಧ ಗಂಟೆ. 'ಶಬ್ದ' ಅನ್ನೋ ಪಾಠ."

ಕೆಂಪರಾಜುವಿನ ಎದೆ ಅಲ್ಲೇ ಎರಡು ಇಂಚು ಉಬ್ಬಿತು. (ಇದು ಕವಿ ಕಲ್ಪನೆಯಲ್ಲ. ಆ ರಾತ್ರಿ ಅಂಗಿಯ ಗುಂಡಿ ಕಿತ್ತುಬಂದದ್ದಕ್ಕೆ ಮಗಳು ಯಶೋಧರಾ ಸಾಕ್ಷಿ.) ಸುದ್ದಿ ಆ ಬೀದಿಯನ್ನು ದಾಟಿ, ರೈಲ್ವೆ ಹಳಿಯನ್ನು ದಾಟಿ, ಮಾರನೆಯ ದಿನ ಅವನು ಅಳೆಯಲು ಹೋದ ಊರಿನ ಕಟ್ಟೆಯವರೆಗೂ ತಲುಪಿತು. ತಲುಪಿಸಿದವನು ಅವನೇ.

ಆದರೆ ಆ ಸುದ್ದಿ ಎಲ್ಲರಿಗಿಂತ ಹೆಚ್ಚು ತಟ್ಟಿದ್ದು ಮನೆಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಗಂಗುಲಮ್ಮನವರಿಗೆ. ಅವರು ಆಂಧ್ರದ ಗಡಿಗೆ ಅಂಟಿಕೊಂಡ ಊರಿನವರು, ಕನ್ನಡ ತೆಲುಗು ಎರಡನ್ನೂ ಒಂದೇ ಬಟ್ಟಲಿನಲ್ಲಿ ಕಲಸಿ ಮಾತಾಡುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಗಳನ್ನು ಶಾಲೆಗೆ ಬಿಟ್ಟು ಕೂಲಿಗೆ ಹೋಗುವ ಮುಂಚೆ ಕಿಟಕಿಯಾಚೆ ನಿಂತು ಒಂದಿಷ್ಟು ಪಾಠ ಕೇಳುತ್ತಿದ್ದರಂತೆ. ಒಂದು ದಿನ ಹೆಡ್‌ಮಾಸ್ತರು "ಏನಮ್ಮಾ, ನಿಂಗೂ ಹಾಜರಿ ಹಾಕ್ಬೇಕಾ?" ಎಂದು ಗದರಿದ ಮೇಲೆ ಅದೂ ನಿಂತುಹೋಗಿತ್ತು. ಈಗ ಮಗಳೇ ಟೀಚರು. ಆದರೆ ಇವರ ಕಿವಿ ಮಂದ. ಕಿವಿಗೆ ಮಿಷನ್ನು ಹಾಕಿಸಿದರೆ ಎರಡೇ ದಿನಕ್ಕೆ ಕಿತ್ತಿಟ್ಟರು. "ಅದು ಹಾಕ್ಕೊಂಡ್ರೆ ಸೊಳ್ಳೇನೂ ಭಾಷಣ ಮಾಡ್ತೈತೆ" ಎಂಬುದು ಅವರ ದೂರು.

"ನನ್ ಮಗಳು ಪಾಠ ಹೇಳಾದು ಒಂದೇ ಒಂದ್ಸಲ ಕಿವಿ ತುಂಬ ಕೇಳ್ಬೇಕು ಅಲ್ಲುಡಾ" ಎಂದರು ಗಂಗುಲಮ್ಮ. ಅಳಿಯನನ್ನು ಅವರು ಕರೆಯುವುದು ಹಾಗೆಯೇ, ತೆಲುಗಿನಲ್ಲಿ. "ಈಸಲ ಕಿಟಕಿ ಆಚೆ ನಿಂತ್ಕಣಲ್ಲ. ಒಳಗೇ ಕುಂತ್ಕಂತೀನಿ."

ಒಳಗೆ ಕೂರಿಸುವುದೇನೋ ಸುಲಭ. ಮನೆಯ ಕಂಪ್ಯೂಟರು ಮೂಕ. ಯಶೋಧರಾಳ ಆನ್‌ಲೈನ್ ಕ್ಲಾಸಿಗೆಂದು ಸೆಕೆಂಡ್ ಹ್ಯಾಂಡಿನಲ್ಲಿ ತಂದ ಆ ಯಂತ್ರಕ್ಕೆ ಕಣ್ಣಿತ್ತು, ಬಾಯಿರಲಿಲ್ಲ. ಅದರ ಜೊತೆ ಬಂದಿದ್ದ ಹಳೆಯ ಸ್ಪೀಕರಿನ ಒಂದು ಕಡೆ ಆಗಲೇ ಸತ್ತಿತ್ತು, ಇನ್ನೊಂದು ಕಡೆ ಕೊನೆಯುಸಿರು ಎಳೆಯುತ್ತಿತ್ತು. ಮೊಬೈಲಿನ ಧ್ವನಿ ಗಂಗುಲಮ್ಮನವರ ಕಿವಿಯ ಬಾಗಿಲವರೆಗೆ ಹೋಗಿ ವಾಪಸು ಬರುವಂಥದ್ದು.

"ಸ್ಪೀಕರ್ ನಾನು ತರ್ತೀನಿ!" ಎಂದು ಕೆಂಪರಾಜು ಎದ್ದು ನಿಂತ. ಯುದ್ಧಕ್ಕೆ ವೀಳ್ಯ ಹಿಡಿದವನ ಗತ್ತು.

"ಎರಡು ಸಾವಿರದ ಒಳಗೆ" ಎಂದಳು ಜ್ಯೋತಿಲಕ್ಷ್ಮಿ. "ಒಂದ್ರೂಪಾಯಿ ದಾಟಿದ್ರೂ ಒತ್ತುವರಿ ಅಂತ ಕೇಸ್ ಹಾಕ್ತೀನಿ. ಮಾತು ಸ್ಪಷ್ಟವಾಗಿ ಕೇಳ್ಬೇಕು. ಅಮ್ಮನಿಗೆ ಒಂದೊಂದು ಪದಾನೂ ಕೇಳ್ಬೇಕು. ಮಿಕ್ಕಿದ್ದೇನೂ ಬೇಡ."

ಗಂಗುಲಮ್ಮ ಅವರೆಕಾಯಿ ಸಿಪ್ಪೆ ಕೊಡವಿ ತಮ್ಮದೂ ಒಂದು ಷರತ್ತು ಸೇರಿಸಿದರು. "ಏದೈನಾ ತೇ ಅಲ್ಲುಡಾ, ಬೇಸುಗಾ ಉಂಡಾಲ."

ಯಾವುದನ್ನಾದರೂ ತಾ, ಆದರೆ ಚೆನ್ನಾಗಿರಬೇಕು. ಆ ಗಡಿ ಸೀಮೆಯಲ್ಲಿ 'ಬೇಸು' ಅಂದರೆ ಚೆನ್ನು. ಮುದ್ದೆ ಬೆಂದಿದ್ದರೆ ಬೇಸು, ಮಳೆ ಹುಯ್ದರೆ ಬೇಸು, ಗಂಡಿನ ಕಡೆಯವರು ಒಳ್ಳೆಯವರಾದರೆ ಬೇಸು. ಇಪ್ಪತ್ತು ವರ್ಷದ ಹಿಂದೆ ಶಿಡ್ಲಘಟ್ಟದಿಂದ ಹೆಣ್ಣು ನೋಡಲು ಬಂದಿದ್ದ ಕೆಂಪರಾಜುವನ್ನು ಬಾಗಿಲ ಸಂದಿಯಿಂದ ಅಳೆದು ಗಂಗುಲಮ್ಮ ಕೊಟ್ಟ ತೀರ್ಪು ಕೂಡ ಅದೇ ಒಂದು ಪದ. ಅಂದಿನಿಂದ ಕೆಂಪರಾಜುವಿಗೆ ಆ ಪದದ ಮೇಲೆ ಒಂದು ಬಗೆಯ ಹಕ್ಕುಪತ್ರ ಇತ್ತು.

ಆ ಒಂದು ಪದವೇ ಅವನನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮೊದಲ ದಂಡಯಾತ್ರೆ ಚಿಕ್ಕಬಳ್ಳಾಪುರಕ್ಕೆ. ಆಫೀಸಿನ ಮೀಟಿಂಗ್ ಮುಗಿಸಿ ಎ.ಸಿ. ಹಾಕಿದ ಒಂದು ಶೋರೂಮಿಗೆ ನುಗ್ಗಿದ. ಟೈ ಕಟ್ಟಿದ ಹುಡುಗಿಯೊಬ್ಬಳು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಜೋಡಿ ಸ್ಪೀಕರ್ ತಂದಿಟ್ಟಳು. ಬೆಲೆ ಒಂಬೈನೂರು.

"ಮಾತಿಗೆ ಇದು ತುಂಬಾ ಕ್ಲಿಯರ್ ಸಾರ್. ಟೆಸ್ಟ್ ಮಾಡಿ ನೋಡಿ. ನಿಮ್ಮ ಫೋನಿನಲ್ಲಿ ಯಾವುದಾದ್ರೂ ಪ್ಲೇ ಮಾಡಿ."

ಕೆಂಪರಾಜು ಮೊದಲು ಟೇಪು ಎಳೆದು ಸ್ಪೀಕರಿನ ಉದ್ದ, ಅಗಲ, ಎತ್ತರ ಹಿಡಿದು ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಯೋಚಿಸಿದ. ಇದರಲ್ಲಿ ಕೇಳಬೇಕಾದ್ದು ಹೆಂಡತಿಯ ಮಾತು, ಪರೀಕ್ಷೆಯೂ ಹೆಂಡತಿಯ ಮಾತಿನಿಂದಲೇ ಆಗಬೇಕಲ್ಲವೇ? (ಅವನ ಇಡೀ ಜೀವನದಲ್ಲಿ ಇಷ್ಟು ವೈಜ್ಞಾನಿಕವಾಗಿ ಅವನು ಎಂದೂ ಯೋಚಿಸಿರಲಿಲ್ಲ.) ಹೆಂಡತಿ ಆ ಮಧ್ಯಾಹ್ನ ಕಳಿಸಿದ್ದ, ಅವನು ಇನ್ನೂ ಕೇಳದ ವಾಯ್ಸ್ ಮೆಸೇಜನ್ನು ಒತ್ತಿದ.

"ಏನ್ರೀ!" ಎಂದಿತು ಶೋರೂಮು. ನಾಲ್ಕೂ ಗೋಡೆಗಳಿಂದ. "ಊಟದ ಡಬ್ಬಿ ಬಿಟ್ಟು ಬರೀ ಟೇಪು ತಗೊಂಡು ಹೋಗಿದ್ದೀರಲ್ಲಾ, ಮಧ್ಯಾಹ್ನ ಟೇಪು ತಿಂತೀರಾ? ಬೆಳಗ್ಗೆ ಕೊತ್ತಂಬರಿ ಸೊಪ್ಪು ತನ್ನಿ ಅಂದ್ರೆ ಮೆಂತ್ಯ ತಂದಿಟ್ಟಿದ್ದೀರ. ಜಮೀನಿನ ಗಡಿ ಕಾಣೋ ಕಣ್ಣಿಗೆ ಸೊಪ್ಪು ಕಾಣಲ್ವಾ?"

ಹೌದು, ಬಹಳ ಸ್ಪಷ್ಟವಾಗಿತ್ತು. ಮಿಕ್ಸಿ ನೋಡುತ್ತಿದ್ದ ಹೆಂಗಸೊಬ್ಬಳು ಮಿಕ್ಸಿಯ ಮುಚ್ಚಳವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದ ಅವಳ ಗಂಡ ಕೆಂಪರಾಜುವಿನ ಕಡೆ ನೋಡಿದ ನೋಟದಲ್ಲಿ ಸಹೋದರ ಭಾವವಿತ್ತು.

"ಹೇಗಿದೆ ಸಾರ್?"

"ಸ್ಪಷ್ಟತೆ ಸ್ವಲ್ಪ ಜಾಸ್ತಿ ಆಯ್ತಮ್ಮ" ಎಂದು ಕೆಂಪರಾಜು ಟೇಪು ಮಡಚಿದ.

ಎರಡನೆಯ ದಂಡಯಾತ್ರೆ ಚಿಂತಾಮಣಿಗೆ, ನೆಂಟರ ಗೃಹಪ್ರವೇಶದ ನೆಪದಲ್ಲಿ. ಅಲ್ಲಿಯ ಅಂಗಡಿಯವನು ಪ್ರತಿ ಡಬ್ಬವನ್ನೂ ವ್ಯಾಟಿನಲ್ಲಿ ಹೇಳಿದ. ಇದು ಹತ್ತು ವ್ಯಾಟು, ಇದು ನಲವತ್ತು, ಇದು ಅರವತ್ತು. ಗುಂಟೆಯನ್ನು ಎಕರೆಗೆ, ಎಕರೆಯನ್ನು ಹೆಕ್ಟೇರಿಗೆ ನಿದ್ದೆಯಲ್ಲೂ ಬದಲಿಸಬಲ್ಲ ಕೆಂಪರಾಜು ಮೊದಲ ಬಾರಿಗೆ ತಬ್ಬಿಬ್ಬಾದ. ನಲವತ್ತು ವ್ಯಾಟಿನದು ಹತ್ತು ವ್ಯಾಟಿನದಕ್ಕಿಂತ ಒಂದು ಇಂಚು ಗಿಡ್ಡವಿತ್ತು! ಇದೆಂಥ ಮೋಸದ ಅಳತೆ? ಗೃಹಪ್ರವೇಶದ ಹಣ್ಣು ತಾಂಬೂಲ ಬಿಟ್ಟರೆ ಬರಿಗೈಯಲ್ಲಿ ಬಸ್ಸು ಹತ್ತಿದ.

ಹೀಗೆ ಹೀಗೆ ದಿನ ಕಳೆದು ಶುಕ್ರವಾರ ಬಂದೇಬಿಟ್ಟಿತು. ಮಾರನೆಯ ದಿನವೇ ಪಾಠ. ಇಷ್ಟರಲ್ಲಿ ಅವನು ಬೀದಿಯವರನ್ನೆಲ್ಲ ಕರೆದಾಗಿತ್ತು. ಬೇರೆ ದಾರಿಯಿಲ್ಲದೆ ಆಫೀಸಿನಿಂದ ನೇರ ಬಸ್ ನಿಲ್ದಾಣದ ಹಿಂದಿನ ಮುನಿಶಾಮಿಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದ. ಮುನಿಶಾಮಿ ಟೇಬಲ್ ಫ್ಯಾನಿನಿಂದ ಹಿಡಿದು ಅಂಬಾರಿಯಷ್ಟು ದೊಡ್ಡ ಸೌಂಡ್ ಬಾಕ್ಸಿನವರೆಗೆ ಎಲ್ಲವನ್ನೂ ಮಾರುವವನು. ಗಣೇಶನ ಮುಂದೆ ಕುಣಿಯುವ ಊರ ಹುಡುಗರಿಗೆಲ್ಲ ಅವನೇ ಗುರು.

"ಬನ್ನಿ ಸಾರ್, ಬನ್ನಿ. ಟೀಚರಮ್ಮನ ಪಾಠ ಅಂತೆ, ನಮ್ ಹುಡ್ಗಾನೂ ಸ್ಕೂಲಲ್ಲಿ ನೋಡ್ತಾನೆ."

ಕೆಂಪರಾಜು ಬೀಗುತ್ತ ಕೂತು, ಪರೀಕ್ಷೆಗೆಂದು ಫೋನನ್ನು ಅಲ್ಲಿದ್ದ ಒಂದು ಸ್ಪೀಕರಿಗೆ ಜೋಡಿಸಿದ. ಅಷ್ಟರಲ್ಲಿ ಫೋನು ಕಿಣಿ ಎಂದಿತು. ಮಗಳ ವಾಯ್ಸ್ ಮೆಸೇಜು. ಯಶೋಧರಾ ಪಿ.ಯು.ಸಿ. ಸೈನ್ಸು, ಹಾಡು ಕೇಳುವ ಹುಡುಗಿ, ಸ್ಪೀಕರಿನ ಒಳಗು ಹೊರಗು ತಿಳಿದವಳು. ಫೋನು ಹೇಗೂ ಅಂಗಡಿಯ ಸ್ಪೀಕರಿಗೆ ಜೋಡಿಸಿತ್ತಲ್ಲ, ಅವಳ ಮಾತು ಅಂಗಡಿಗೆಲ್ಲ ಕೇಳಿಸಿತು.

"ಅಪ್ಪಾ, ಬೇಸ್ ಕಮ್ಮಿ ಇರೋದು ನೋಡಿ ತಗೊಂಬಾರಪ್ಪ. ಅಷ್ಟಿದ್ರೆ ಸಾಕು ನಮಗೆ."

ಅವಳು ಹೇಳಿದ್ದು ಗುಂ ಎಂದು ಎದೆಗೆ ಗುದ್ದುವ ಆ ತಗ್ಗು ಸದ್ದಿನ ಬಗ್ಗೆ. ಇಂಗ್ಲಿಷಿನ ಬೇಸು. ಅದು ಜಾಸ್ತಿಯಾದರೆ ಮಾತು ಮುಳುಗಿಹೋಗುತ್ತದೆ.

ಕೆಂಪರಾಜು ಕೇಳಿಸಿಕೊಂಡದ್ದು ಅತ್ತೆಯ ಬೇಸು. 'ಚೆನ್ನಾಗಿರೋದು ಯಾಕಪ್ಪಾ, ಸುಮಾರಾಗಿರೋದು ತಾ, ನಮಗೆ ಅಷ್ಟು ಸಾಕು!'

ಪಾಪ, ಮಗು ಅಪ್ಪನ ಜೇಬು ನೋಡಿ ಮಾತಾಡುತ್ತಿದೆ. ಅಷ್ಟು ಸಾಕಂತೆ! ಜಿಲ್ಲೆಗೆಲ್ಲ ಒಬ್ಬಳನ್ನೇ ಆರಿಸಿದ ಟೀಚರಿನ ಮನೆಗೆ, ಆಯಸ್ಸಿಡೀ ಕಿಟಕಿಯಾಚೆ ನಿಂತ ತಾಯಿಯ ಕಿವಿಗೆ, ಬೇಸು ಕಮ್ಮಿ ಇರುವುದನ್ನು ತರಬೇಕೇ? ಅದೂ ಈ ಕೆಂಪರಾಜು?

"ಮುನಿಶಾಮಿ, ಬೇಸು ಕಮ್ಮಿ ಇರೋದು ಬೇಡ" ಎಂದು ಅವನು ಮೇಜು ಗುದ್ದಿದ. "ನಿನ್ನಂಗಡೀಲಿ ಬೇಸು ಎಲ್ಲಕ್ಕಿಂತ ಜಾಸ್ತಿ ಯಾವುದಕ್ಕೈತೆ ಅದನ್ನ ತೋರ್ಸು."

ಮುನಿಶಾಮಿಯ ಕಣ್ಣು ಮಿಂಚಿತು. ಇಂಥ ಮಾತನ್ನು ಇಷ್ಟು ದಿನ ಅವನಿಗೆ ಹೇಳಿದವರು ಇಪ್ಪತ್ತರ ಪ್ರಾಯದ ಹುಡುಗರು ಮಾತ್ರ. ಸರ್ಕಾರಿ ನೌಕರರೊಬ್ಬರ ಬಾಯಿಂದ ಕೇಳುತ್ತಿರುವುದು ಇದೇ ಮೊದಲು.

"ಸಾರ್! ಬೇಸ್ ಜಾಸ್ತಿ ಬೇಕಾ? ನಾನು ನಿಮ್ಮನ್ನ ಏನೋ ಅನ್ಕೊಂಡಿದ್ದೆ ಸಾರ್. ಇರಿ, ಒಳಗಿಂದ ತರ್ತೀನಿ."

ತಂದದ್ದು ಸ್ಟೂಲಿನಷ್ಟು ಎತ್ತರದ ಒಂದು ಕಪ್ಪು ಡಬ್ಬ, ಅದರ ಬಾಲಂಗೋಚಿಯಂತೆ ಎರಡು ಪುಟ್ಟ ಸ್ಪೀಕರು. "ಟೂ ಪಾಯಿಂಟ್ ಒನ್ ಸಾರ್. ಟೂ ಅಂದ್ರೆ ಈ ಚಿಕ್ಕವೆರಡು. ಪಾಯಿಂಟ್ ಒನ್ ಅಂದ್ರೆ ಈ ದೊಡ್ಡ ಡಬ್ಬ, ವೂಫರು. ಬೇಸೆಲ್ಲ ಇದರ ಹೊಟ್ಟೇಲೇ ಇರಾದು."

"ಇಷ್ಟು ದೊಡ್ಡದು ಬರೀ ಪಾಯಿಂಟ್ ಒಂದಾ?" ಕೆಂಪರಾಜು ತಲೆಯಾಡಿಸಿದ. "ನಿಜ ಕಣಪ್ಪ. ನಮ್ಮ ಇಲಾಖೇಲೂ ಪಾಯಿಂಟ್ ಒಂದು ಗುಂಟೆಗೆ ಅಣ್ಣತಮ್ಮ ಮಾತು ಬಿಟ್ಟವ್ರೆ. ಅದನ್ನ ಚಿಕ್ಕದು ಅನ್ನಂಗಿಲ್ಲ."

ಟೇಪು ಹೊರಬಂತು. ಎತ್ತರ ಹದಿನಾಲ್ಕು ಇಂಚು. ಇದುವರೆಗೆ ನೋಡಿದ್ದರಲ್ಲೆಲ್ಲ ದೊಡ್ಡದು! ಪರೀಕ್ಷೆಗೆ ಮತ್ತೆ ಅದೇ ಊಟದ ಡಬ್ಬಿಯ ಮೆಸೇಜು ಹಾಕಿದ. ಆಹಾ, ಚಿಕ್ಕಬಳ್ಳಾಪುರದಲ್ಲಿ ಮಾನ ಕಳೆದಿದ್ದ ಅದೇ ಬೈಗುಳ ಇಲ್ಲಿ 'ಗುಮ್ಮ್ ಗುಗುಮ್ಮ್' ಎಂದು ಮೋಡದೊಳಗಿನಿಂದ ಬಂದಂತೆ ಗಂಭೀರವಾಗಿ ಮೊಳಗಿತು. ಟೇಪು, ಕೊತ್ತಂಬರಿ, ಮೆಂತ್ಯ ಒಂದೂ ಹೊರಗೆ ಬೀಳಲಿಲ್ಲ. ಪಕ್ಕದಲ್ಲಿ ಬಲ್ಬು ಕೊಳ್ಳುತ್ತಿದ್ದವನು ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದ.

"ಬೇಸ್ ಹೆಂಗೈತೆ ಸಾರ್?" ಎಂದ ಮುನಿಶಾಮಿ.

"ಬಹಳ ಬೇಸಾಗೈತೆ!" ಎಂದ ಕೆಂಪರಾಜು.

ಇಬ್ಬರೂ ಒಂದೇ ಪದ ಆಡಿದರು, ಇಬ್ಬರೂ ಪರಮ ತೃಪ್ತರಾದರು. ಎರಡು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿಗೆ ವ್ಯಾಪಾರ ಕುದುರಿತು. ಡಬ್ಬದ ಬೆನ್ನಿನಲ್ಲಿದ್ದ ಒಂದು ತಿರುಗುಣಿಯನ್ನು ತೋರಿಸಿ ಮುನಿಶಾಮಿ ಗುಟ್ಟು ಹೇಳಿದ. "ಇದೇ ಸಾರ್ ಬೇಸಿನ ಗುಂಡಿ. ಪೂರ್ತಿ ಬಲಕ್ಕೆ ತಿರುಗ್ಸಿಟ್ರೆ ಫುಲ್ ಬೇಸ್."

ಕೆಂಪರಾಜು ಅದನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಆಮೇಲೆ ಯಾರಾದರೂ ಮಕ್ಕಳು ಮರಿ ಕೈಯಾಡಿಸಿ ಕಮ್ಮಿ ಮಾಡಿಬಿಟ್ಟಾರೆಂದು ಕಪ್ಪು ಇನ್ಸುಲೇಷನ್ ಟೇಪು ಇಸಿದುಕೊಂಡು ಗುಂಡಿಯ ಮೇಲೆ ಮೂರು ಸುತ್ತು ಬಿಗಿದ. ಸರ್ವೆಯರ್ ಹದ್ದುಬಸ್ತು ಮಾಡಿ ಕಲ್ಲು ನೆಟ್ಟ ಮೇಲೆ ಕದಲಿಸುವವರುಂಟೇ?

ಮನೆಗೆ ಬಂದರೆ ಬೀದಿಗೆಲ್ಲ ಕರೆಂಟಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಪಾಠದ ತಯಾರಿ ನಡೆಸಿದ್ದ ಜ್ಯೋತಿಲಕ್ಷ್ಮಿ ಪೆಟ್ಟಿಗೆ ನೋಡಿ ಬೆಚ್ಚಿದಳು.

"ಇದೇನ್ರೀ, ಕೋಳಿ ಗೂಡಾ?"

"ಸ್ಪೀಕರ್ ಕಣೇ. ಪೆಟ್ಟಿಗೆ ಯಾರೂ ಮುಟ್ಟಂಗಿಲ್ಲ. ನಾಳೆ ಹನ್ನೊಂದಕ್ಕೆ ಎಲ್ಲರ ಮುಂದೆ ಅನಾವರಣ." ಅವನು ಪೆಟ್ಟಿಗೆಯ ಮೇಲೆ ಹೂವಿನ ಬೆಡ್‌ಶೀಟು ಹೊದಿಸಿದ. "ಈ ಯಶೂ ಇದ್ದಾಳಲ್ಲ, ಬೇಸು ಕಮ್ಮಿ ಇರೋದು ತಾ ಅಂದ್ಲು. ನಾನು ಬಿಡ್ತೀನಾ? ನಿಂಗೋಸ್ಕರ, ಅತ್ತೆಗೋಸ್ಕರ, ಬೇಸು ಎಲ್ಲಕ್ಕಿಂತ ಜಾಸ್ತಿ ಇರೋದನ್ನ ಹುಡುಕಿ ತಂದಿದ್ದೀನಿ. ಹದಿನಾಲ್ಕು ಇಂಚು!"

ಜ್ಯೋತಿಲಕ್ಷ್ಮಿ, ಯಶೋಧರಾ ಒಬ್ಬರ ಮುಖ ಒಬ್ಬರು ನೋಡಿದರು. ಮೇಣದಬತ್ತಿ ಆರುವಂಥ ಒಂದು ನಗು ಇಬ್ಬರ ಗಂಟಲಲ್ಲೂ ಸಿಕ್ಕಿಕೊಂಡಿತು. ಜ್ಯೋತಿಲಕ್ಷ್ಮಿ ಗಂಡನ ಮುಖ ನೋಡಿದಳು. ಹಬ್ಬದ ದಿನ ಹೊಸ ಅಂಗಿ ತೊಟ್ಟವನ ಹಾಗೆ ಅದು ಹೊಳೆಯುತ್ತಿತ್ತು. ಮಗಳ ಕಿವಿಯಲ್ಲಿ ಮಾತ್ರ "ಹಿಂದೆ ಒಂದು ಗುಂಡಿ ಇರುತ್ತೆ, ಶುರು ಆಗೋ ಮುಂಚೆ ಕಮ್ಮಿ ಮಾಡ್ಬಿಡು" ಎಂದು ಉಸುರಿದಳು.

'ಖುಷಿಗೆ ಇಬ್ಬರಿಗೂ ಮಾತೇ ಹೊರಡುತ್ತಿಲ್ಲ' ಎಂದುಕೊಂಡು ಕೆಂಪರಾಜು ಸುಖವಾಗಿ ಮಲಗಿದ.

ಶನಿವಾರ ಬೆಳಗ್ಗೆ ಏಳಕ್ಕೇ ಜ್ಯೋತಿಲಕ್ಷ್ಮಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಯಶೋಧರಾ ಟ್ಯೂಷನ್ನಿಗೆ ಹೋದವಳು ಹತ್ತೂವರೆಗೆ ಬರಬೇಕಿತ್ತು. ಆ ದಿನ ಮೇಷ್ಟ್ರಿಗೆ ಉತ್ಸಾಹ ಬಂದು ಇನ್ನೊಂದು ಲೆಕ್ಕ, ಇನ್ನೊಂದು ಲೆಕ್ಕ ಎಂದು ಬಿಡಲೇ ಇಲ್ಲ.

ಹತ್ತೂ ಮುಕ್ಕಾಲಿಗೆ ಮನೆ ತುಂಬಿತು. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ನಿವೃತ್ತರಾದ ಪಕ್ಕದ ಮನೆ ನರಸಿಂಹಪ್ಪ ಇಸ್ತ್ರಿ ಅಂಗಿ ಹಾಕಿ ಮುಂದಿನ ಕುರ್ಚಿ ಹಿಡಿದರು. ಎದುರು ಮನೆ ಅನಸೂಯಮ್ಮ ಬಟ್ಟಲು ತುಂಬ ಕೋಡುಬಳೆ ತಂದಿದ್ದರು. ಗಂಗುಲಮ್ಮ ಹೊಸ ಸೀರೆಯುಟ್ಟು, ತಲೆ ಬಾಚಿ, ಕಂಪ್ಯೂಟರಿನ ಎದುರಿಗೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿದರು. ಮಡಿಲಲ್ಲಿ ಎರಡೂ ಕೈ ಜೋಡಿಸಿಕೊಂಡ ರೀತಿ ನೋಡಿದರೆ ಶಾಲೆಯ ಮೊದಲ ದಿನದ ಮಗುವಿನ ಹಾಗಿದ್ದರು.

ಕೆಂಪರಾಜು ಬೆಡ್‌ಶೀಟು ಎಳೆದ. ಯಾರೋ ಚಪ್ಪಾಳೆ ತಟ್ಟಿದರು. "ಪೂರ್ವಕ್ಕೆ ಮಾನಿಟರು, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ಅತ್ತೆ, ದಕ್ಷಿಣಕ್ಕೆ ಸ್ವಿಚ್ ಬೋರ್ಡು" ಎಂದು ಚೆಕ್ಕುಬಂದಿ ಹೇಳಿ ಡಬ್ಬವನ್ನು ಜಾಗಕ್ಕೆ ಕೂರಿಸಿದ. ಹನ್ನೊಂದಕ್ಕೆ ಸರಿಯಾಗಿ ಪರದೆಯ ಮೇಲೆ ಜ್ಯೋತಿಲಕ್ಷ್ಮಿ ಬಂದಳು. ಸಾಸಿವೆ ಬಣ್ಣದ ಸೀರೆ, ಹಿಂದೆ ಹಸಿರು ಬೋರ್ಡು. ಕೈ ಮುಗಿದು ಬಾಯಿ ತೆರೆದಳು.

"ಗುಮ್ಮ್."

ಎಲ್ಲರೂ ಕಾದರು.

"ಗುಮ್ಮ್ ಗುಗುಮ್ಮ್ ಗುಮ್ಮುಗುಮ್ಮ್ ಗುಮ್ಮ್."

ಅಡುಗೆಮನೆಯಿಂದ ಸ್ಟೀಲ್ ಲೋಟಗಳು ಗಲಗಲ ಎಂದು ಉತ್ತರ ಕೊಟ್ಟವು. ಗೋಡೆಯ ಕ್ಯಾಲೆಂಡರು ಮೊಳೆಯ ಮೇಲೆ ಕುಣಿಯಿತು. ಅನಸೂಯಮ್ಮನ ಬಟ್ಟಲಿನ ಕೋಡುಬಳೆ ಒಂದೊಂದಾಗಿ ಅಂಚಿಗೆ ಸರಿಯತೊಡಗಿದವು. ನರಸಿಂಹಪ್ಪ ಅಭ್ಯಾಸ ಬಲದಿಂದ ಗಡಿಯಾರ ನೋಡಿಕೊಂಡು, "ಈ ಹೊತ್ತಿಗೆ ಗೂಡ್ಸು ಯಾವುದೂ ಇಲ್ವಲ್ಲ?" ಎಂದರು.

ಗಂಗುಲಮ್ಮ ಕೈ ಎತ್ತಿದರು. "ರೈಲು ಹೋಗ್ಲಿ ತಾಳು ಅಲ್ಲುಡಾ. ಆಮೇಲೆ ಕೇಳಣ."

"ರೈಲಲ್ಲ ಅತ್ತೆ! ನಿಮ್ ಮಗಳು!" ಎಂದು ಕೆಂಪರಾಜು ಅವರ ಕಿವಿಯಲ್ಲಿ ಕಿರುಚಿದ.

"ನನ್ ಮಗಳಾ? ಗೂಡ್ಸು ರೈಲಿನಂಗೆ ಯಾಕ್ ಮಾತಾಡ್ತಾವಳೆ? ನೆಗಡಿಯಾ?"

ಕೆಂಪರಾಜು ವಾಲ್ಯೂಮು ಏರಿಸಿದ. ಈಗ ಕಿಟಕಿಯ ಗಾಜೂ ಪಾಠ ಹೇಳತೊಡಗಿತು. ಇಳಿಸಿದ. ಗುಮ್ಮು ಸಣ್ಣದಾಯಿತೇ ಹೊರತು ಮಾತಾಗಲಿಲ್ಲ. ಬೆವರು ಒರೆಸಿಕೊಳ್ಳುತ್ತ ಹಿತ್ತಲಿಗೆ ಓಡಿ ಮುನಿಶಾಮಿಗೆ ಫೋನು ಮಾಡಿದ.

"ಏನಯ್ಯಾ, ಒಂದ್ ಅಕ್ಷರಾನೂ ಕೇಳಿಸ್ತಿಲ್ವಲ್ಲೋ!"

"ಬೇಸ್ ಫುಲ್ ಇಟ್ಟಿದ್ದೀರಾ ಸಾರ್?"

"ಫುಲ್ ಇಟ್ಟು ಟೇಪ್ ಸುತ್ತಿದ್ದೀನಿ!"

"ಹಂಗಾದ್ರೆ ಸೂಪರ್ರಾಗಿರ್ತೈತೆ ಬಿಡಿ ಸಾರ್" ಎಂದು ಮುನಿಶಾಮಿ ಹೆಮ್ಮೆಯಿಂದ ಫೋನಿಟ್ಟ.

ವಾಪಸು ಬಂದು ನೋಡಿದರೆ ಹನ್ನೆರಡು ನಿಮಿಷ ಕಳೆದುಹೋಗಿತ್ತು. ಬೀದಿಯ ಜನ ಮರ್ಯಾದಸ್ಥರು. ಒಬ್ಬರೂ ಎದ್ದಿರಲಿಲ್ಲ, ಒಬ್ಬರೂ ನಕ್ಕಿರಲಿಲ್ಲ. ಅರ್ಥವಾದವರ ಹಾಗೆ ತಲೆಯಾಡಿಸುತ್ತ ಕೋಡುಬಳೆ ತಿನ್ನುತ್ತಿದ್ದರು. ಗಂಗುಲಮ್ಮ ಮಾತ್ರ ತಲೆಯಾಡಿಸುತ್ತಿರಲಿಲ್ಲ. ಪರದೆಯ ಮೇಲೆ ಮಗಳ ತುಟಿ ಅಲುಗುವುದನ್ನೇ ನೋಡುತ್ತಿದ್ದರು. ಇವರು ಮನೆಯೊಳಗೆ, ಕಂಪ್ಯೂಟರಿನ ಎದುರಿಗೇ, ಆದರೂ ಮತ್ತೆ ಕಿಟಕಿಯಾಚೆಯೇ.

ಕೆಂಪರಾಜುವಿಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಎನಿಸಿತು. (ಬಿಟ್ಟಿದ್ದರೆ ಎಷ್ಟು ಅಡಿ ಬಿಟ್ಟಿತು ಎಂದು ಮೊದಲು ಅಳೆಯುತ್ತಿದ್ದ, ಆ ಮಾತು ಬೇರೆ.)

ಆಗ ಗಂಗುಲಮ್ಮ ಕೂತಲ್ಲಿಂದ ಮುಂದೆ ಸರಿದು ಕಪ್ಪು ಡಬ್ಬಕ್ಕೆ ಕಿವಿ ಹಚ್ಚಿದರು. ಆಗಲಿಲ್ಲ. ಅಂಗೈ ಇಟ್ಟರು. ಕೈ ಹಾಗೇ ನಿಂತಿತು. ಪರದೆಯ ಮೇಲೆ ಜ್ಯೋತಿಲಕ್ಷ್ಮಿ ಒಂದು ತಟ್ಟೆಯ ಮೇಲೆ ರಾಗಿ ಹರಡಿ ಅದರ ಅಂಚನ್ನು ಬಡಿಯುತ್ತಿದ್ದಳು. ರಾಗಿಕಾಳು ಪುಟಪುಟ ಹಾರುತ್ತಿದ್ದವು. ಬೋರ್ಡಿನ ಮೇಲೆ ಏನೋ ಬರೆದು ಕ್ಯಾಮೆರಾದ ಕಡೆ ತಿರುಗಿ ನಿಂತಳು.

ನರಸಿಂಹಪ್ಪ ಕನ್ನಡಕ ಏರಿಸಿ ಓದಿದರು. "'ಸದ್ದು ಹುಟ್ಟುವುದು ಹೇಗೆ?' ಪ್ರಶ್ನೆ ಕೇಳವ್ರೆ. ಹೇಳ್ರಪ್ಪ ಯಾರಾದ್ರೂ."

"ಕರೆಂಟಿಂದ" ಎಂದು ಗೊಣಗಿದ ಕೆಂಪರಾಜು.

"ಏನಂತೆ?" ಎಂದರು ಗಂಗುಲಮ್ಮ. ಅನಸೂಯಮ್ಮ ಪ್ರಶ್ನೆಯನ್ನು ಅವರ ಕಿವಿಯಲ್ಲಿ ಕೂಗಿದರು. ಗಂಗುಲಮ್ಮ ಡಬ್ಬದ ಮೇಲಿನ ಕೈ ತೆಗೆಯದೆ, ಹಾರುವ ರಾಗಿಯನ್ನು ನೋಡುತ್ತ, ಬಹಳ ಸಲೀಸಾಗಿ ಹೇಳಿದರು.

"ಅದುರಿದ್ರೆ. ಇಗೋ, ಕೈಗೇ ಗೊತ್ತಾಯ್ತೈತಲ್ಲ. ರಾಗೀನೂ ಅದುರ್ತೈತೆ, ಈ ಡಬ್ಬಾನೂ ಅದುರ್ತೈತೆ. ಅದುರಿದ್ರೇ ಸದ್ದು."

"ಕರೆಕ್ಟು ಅಜ್ಜೀ!" ಬಾಗಿಲಲ್ಲಿ ಯಶೋಧರಾ, ಏದುಸಿರು ಬಿಡುತ್ತ. ಸೈಕಲ್ಲನ್ನು ಬೀದಿಯಲ್ಲೇ ಕೆಡವಿ ಓಡಿ ಬಂದಿದ್ದಳು. ಡಬ್ಬದ ಹಿಂದೆ ಮಂಡಿಯೂರಿದವಳೇ ಕಿರುಚಿದಳು. "ಅಯ್ಯೋ, ಇದಕ್ಕೆ ಟೇಪ್ ಯಾರು ಸುತ್ತಿದ್ದು?"

"ಹದ್ದುಬಸ್ತು..." ಎಂದ ಕೆಂಪರಾಜು ಸಣ್ಣ ದನಿಯಲ್ಲಿ.

"ಅಪ್ಪಾ, ನಾನು ಹೇಳಿದ್ದು ಅಜ್ಜಿ ಬೇಸು ಅಲ್ಲಪ್ಪ! ಈ ಗುಂ ಅನ್ನುತ್ತಲ್ಲ, ಇದಕ್ಕೆ ಬೇಸ್ ಅಂತಾರೆ. ಇದು ಕಮ್ಮಿ ಇರ್ಬೇಕು!" ಹಲ್ಲಿನಿಂದ ಟೇಪು ಕಿತ್ತಳು. ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ವಾಲ್ಯೂಮು ಏರಿಸಿದಳು.

ಮೋಡ ಹರಿದ ಹಾಗೆ ಜ್ಯೋತಿಲಕ್ಷ್ಮಿಯ ದನಿ ಮನೆ ತುಂಬಿತು.

"...ಅದುರುವಿಕೆಯಿಂದ! ಯಾವ ವಸ್ತು ಅದುರುತ್ತೋ ಅದರಿಂದ ಸದ್ದು ಹುಟ್ಟುತ್ತೆ ಮಕ್ಕಳೇ."

ಗಂಗುಲಮ್ಮ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡರು. "ಏಯ್, ನಾನು ಹೇಳಿದ್ನೇ ಹೇಳ್ತಾವಳೆ! ಕೇಳ್ದ್ಯಾ ಅನಸೂಯಮ್ಮ? ನನ್ ಮಾತ್ನೇ ಹೇಳ್ತಾವಳೆ ನನ್ ಮಗಳು!"

ಮನೆಯೆಲ್ಲ ನಕ್ಕಿತು. ಕೆಂಪರಾಜುವಿಗೆ ಹೋದ ಜೀವ ಬಂತು. ಅವನೂ ನಗಲು ಬಾಯಿ ತೆರೆದ. ಅಷ್ಟರಲ್ಲಿ ಸ್ಪೀಕರಿನಿಂದ, ಒಂದೊಂದು ಅಕ್ಷರವೂ ಮುತ್ತಿನಂತೆ, ಮುಂದಿನ ಮಾತು ಉದುರಿತು.

"ಈಗ ಒಂದು ಉದಾಹರಣೆ. ನನಗೆ ಗೊತ್ತಿರೋ ಒಬ್ಬರು ಸರ್ವೆಯರ್ ಇದ್ದಾರೆ. ಮನೆಯವರು ಬೇಸ್ ಕಮ್ಮಿ ಇರೋ ಸ್ಪೀಕರ್ ತನ್ನಿ ಅಂದ್ರೆ, ಬೇಸ್ ಅಂದ್ರೆ ಚೆನ್ನಾಗಿರೋದು ಅಂದ್ಕೊಂಡು, ಕಮ್ಮಿ ಯಾಕೆ ಅಂತ ಅಂಗಡಿಗೆಲ್ಲ ದೊಡ್ಡದನ್ನ ಟೇಪಿನಲ್ಲಿ ಅಳೆದು ತಂದರು. ಮಕ್ಕಳೇ, ಡಬ್ಬದ ಎತ್ತರ ಟೇಪಿಗೆ ಸಿಗುತ್ತೆ, ದನಿಯ ಸ್ಪಷ್ಟತೆ ಸಿಗಲ್ಲ." ಇಲ್ಲಿ ಅವಳು ಒಂದು ಗಳಿಗೆ ನಿಂತಳು. ನೇರ ಕ್ಯಾಮೆರಾದೊಳಗೆ ನೋಡಿ ನಕ್ಕಳು. "ಅವರ ಆಸೆ ಕೂಡ ಟೇಪಿಗೆ ಸಿಗೋವಂಥದ್ದಲ್ಲ, ಅದು ಬೇರೆ ವಿಷಯ."

ಕುರ್ಚಿಗಳು ಕಿರ್ರೆಂದು ತಿರುಗಿದವು. ಇಡೀ ಮನೆಯ ಕಣ್ಣು ಕೆಂಪರಾಜುವಿನ ಸೊಂಟದ ಟೇಪಿನ ಮೇಲೆ ಬಿತ್ತು. ಅವನು ಅದನ್ನು ನಿಧಾನವಾಗಿ ಅಂಗಿಯೊಳಗೆ ತೂರಿಸಿದ.

"ಹೆಸ್ರು ಹೇಳಿಲ್ಲ ಬಿಡಿ" ಎಂದು ನರಸಿಂಹಪ್ಪ ಸಮಾಧಾನ ಮಾಡಿದರು.

ಉಳಿದ ಹನ್ನೆರಡು ನಿಮಿಷ ಗಂಗುಲಮ್ಮ ಕಣ್ಣು ಮಿಟುಕಿಸದೆ ಕೇಳಿದರು. ಪಾಠ ಮುಗಿದು ಪರದೆ ಕಪ್ಪಾದಾಗ ಮಗಳು ಕೈ ಮುಗಿದದ್ದಕ್ಕೆ ತಾವೂ ಎದ್ದು ನಿಂತು ಕೈ ಮುಗಿದು "ನಮಸ್ತೆ ಟೀಚರ್" ಎಂದರು. ಆಮೇಲೆ ಅಳಿಯನ ಬೆನ್ನು ಸವರಿ ಹೇಳಿದರು. "ಬೇಸುಗಾ ಉಂದಿ ಅಲ್ಲುಡಾ."

ಕಥೆ ಇಲ್ಲಿಗೆ ಮುಗಿದಿದ್ದರೆ ಕೆಂಪರಾಜು ಬಚಾವಾಗುತ್ತಿದ್ದ. ಸೋಮವಾರ ಅವನು ಒಂದು ಹಳ್ಳಿಗೆ ಅಣ್ಣತಮ್ಮಂದಿರ ಹೊಲ ಭಾಗ ಮಾಡಲು ಹೋಗಿ, ಟೇಪು ಎಳೆದು ಬಗ್ಗಿದ್ದನೋ ಇಲ್ಲವೋ, ಪಕ್ಕದ ಹೈಸ್ಕೂಲಿನ ಕಾಂಪೌಂಡಿನ ಮೇಲೆ ಇಪ್ಪತ್ತು ತಲೆ ಮೂಡಿದವು.

"ಬೇಸ್ ಸಾರ್ ಬಂದ್ರು ಕಣ್ರೋ! ಬೇಸ್ ಸಾರ್! ಬೇಸ್ ಸಾರ್!"

ಹೊಲದ ಅಣ್ಣತಮ್ಮಂದಿರು, ಮೂರು ವರ್ಷದಿಂದ ಮಾತು ಬಿಟ್ಟವರು, ಒಬ್ಬರ ಮುಖ ಒಬ್ಬರು ನೋಡಿ ಒಟ್ಟಿಗೆ ನಕ್ಕುಬಿಟ್ಟರು. ಕೆಂಪರಾಜು ನೆಟ್ಟಗೆ ನಿಂತು ಮಕ್ಕಳಿಗೆ ಕೈ ಬೀಸಿದ.

ಸಂಜೆ ಮನೆಗೆ ಬಂದರೆ ಗಂಗುಲಮ್ಮ ಕುರ್ಚಿಯಲ್ಲಿ ಕೂತು ಎರಡೂ ಪಾದಗಳನ್ನು ಕಪ್ಪು ಡಬ್ಬದ ಮೇಲೆ ಇಟ್ಟಿದ್ದರು. ಯಶೋಧರಾ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಯಾವುದೋ ಹಾಡು ಹಾಕಿದ್ದಳು. ಡಬ್ಬ ಗುಂ ಗುಂ ಎಂದು ಅದುರುತ್ತಿತ್ತು. ಕಾಲಿನ ಜೋಮು ಬಿಡುತ್ತಿದೆಯೆಂದು ಅಜ್ಜಿ ಕಣ್ಣು ಮುಚ್ಚಿ ಸುಖ ಪಡುತ್ತಿದ್ದರು.

"ಜ್ಯೋತೀ, ಜಿಲ್ಲೆಯ ಮಕ್ಕಳೆಲ್ಲ ನಂಗೆ ಏನಂತಾರೆ ಗೊತ್ತಾ?" ಎಂದು ಕೆಂಪರಾಜು ಎದೆಯುಬ್ಬಿಸಿದ. "ಬೇಸ್ ಸಾರ್ ಅಂತಾರೆ ಕಣೇ. ಬೇಸ್ ಸಾರ್!"

ಜ್ಯೋತಿಲಕ್ಷ್ಮಿ ಒಗ್ಗರಣೆ ಸೌಟು ಹಿಡಿದು ಬಾಗಿಲಿಗೆ ಬಂದಳು. "ಯಾವ ಬೇಸು ಅಂತ ಕೇಳಿದ್ರಾ?"

"ಕೇಳೋದೇನು ಬಂತು?" ಎಂದು ಕೆಂಪರಾಜು ಅಂಗಿಯ ಮೇಲಿನ ಗುಂಡಿ ಬಿಚ್ಚಿದ. ಈ ಸಲ ಕಿತ್ತುಬರುವ ಮುಂಚೆಯೇ. "ನಮ್ ಕಡೆ ಇರಾದು ಒಂದೇ ಬೇಸು."